ಸೀಟಿನ ಕೆಳಗಿನ ಬೋಲ್ಟು

ಹಾಲಿನ ಸಂಘದ ವ್ಯಾನು ಮೇಸ್ತ್ರಿಯ ಗ್ಯಾರೇಜಿಗೆ ಬಂದದ್ದು ಅದು ಮೂರನೆಯ ಸಲ. ಮೊದಲ ಎರಡು ಸಲ ಅವನು ಬಾನೆಟ್ಟು ಎತ್ತಿ, ಗೇರೆಣ್ಣೆಯ ಕಡ್ಡಿ ಎಳೆದು ಮೂಸಿ, ಒರೆಸಿ, ಮತ್ತೆ ತುರುಕಿದ್ದನಷ್ಟೇ. "ಗಾಡಿಗೇನೂ ಆಗಿಲ್ಲ. ಓಡಿಸೋರ ಕಾಲು ಸರಿಯಿಲ್ಲ" ಎಂದಿದ್ದ.

ಓಡಿಸುವವಳು ಬೇರೆ ಯಾರೂ ಅಲ್ಲ, ಅವನ ಸ್ವಂತ ಅತ್ತಿಗೆ. ಅಣ್ಣನ ಮಂಡಿ ಕೈಕೊಟ್ಟ ಮೇಲೆ ನಲವತ್ತೈದರ ವಯಸ್ಸಿನಲ್ಲಿ ಸ್ಟೇರಿಂಗು ಹಿಡಿದವಳು. ಹನ್ನೊಂದು ಹಳ್ಳಿಗಳ ಹಾಲನ್ನು ಒಂದು ದಿನವೂ ಒಡೆಯಗೊಡದೆ ಮುಟ್ಟಿಸುತ್ತಿದ್ದಳು. ಕ್ಲಚ್ಚಿಲ್ಲದೆ ತಾನೇ ಗೇರು ಬದಲಿಸಿಕೊಳ್ಳುವ ಗಾಡಿ ಅದು. ಆದರೆ ಎರಡು ತಿಂಗಳಿಂದ, ಅರ್ಧ ದಾರಿ ಓಡಿ ಬಿಸಿಯಾಯಿತೆಂದರೆ, ಹಗ್ಗ ಕಟ್ಟಿದ ಎಮ್ಮೆಯ ಹಾಗೆ ಜಗ್ಗುತ್ತಿತ್ತು. ಹಿಂದೆ ಕ್ಯಾನುಗಳು ಒಂದಕ್ಕೊಂದು ಹಾಯುತ್ತಿದ್ದವು.

"ಗೇರು ಹಾಕೋ ಕೆಲಸವೇ ಇಲ್ಲದ ಗಾಡೀಲೂ ಗೇರು ಕೆಡಿಸಿದ ಪುಣ್ಯಾತ್ಗಿತ್ತಿ ನಮ್ಮ ಅತ್ತಿಗೆ. ಜರ್ಕಕ್ಕ ಅಂತ ಹೆಸರಿಟ್ಟುಬಿಡಿ" ಎಂದು ಮೇಸ್ತ್ರಿ ಪಕ್ಕದ ಕಟಿಂಗ್ ಶಾಪಿನಲ್ಲಿ ಮುಖಕ್ಕೆ ಸೋಪು ಬಳಿಸಿಕೊಂಡು ಕೂತಾಗ ಹೇಳಿದ್ದ. ಕ್ಷೌರಿಕನಿಗೆ ಕತ್ತರಿಗಿಂತ ನಾಲಿಗೆ ಚುರುಕು. ವಾರದೊಳಗೆ ಆ ಹೆಸರು ಹನ್ನೊಂದು ಹಳ್ಳಿಗೂ ಹಾಲಿಗಿಂತ ಮುಂಚೆ ಮುಟ್ಟಿತು. ಸಂಘದ ಕಾರ್ಯದರ್ಶಿ, "ಮೇಸ್ತ್ರಿಯೇ ಹೇಳಿದ ಮೇಲೆ ಇನ್ನೇನು?" ಎಂದು ಮುಂದಿನ ತಿಂಗಳಿಂದ ಬೇರೆ ಡ್ರೈವರನ್ನು ಗೊತ್ತುಮಾಡಿದ. ಆ ಹೊಸಬ ಒಂದು ದಿನ ವ್ಯಾನು ಒಯ್ದು ನೋಡಿದ. ಏರಿನ ನಡುವೆ ಗಾಡಿ ಮೂರನೇ ಗೇರಿಗೇ ಕಚ್ಚಿಕೊಂಡಿತು. ಅವನು ಅದನ್ನು ಅಲ್ಲೇ ಬಿಟ್ಟು ನಡೆದುಕೊಂಡೇ ಬಂದ. ಅದಕ್ಕೂ ಕಾರ್ಯದರ್ಶಿಯ ಬಳಿ ಮಾತಿತ್ತು: "ಆಕೆ ಕೆಡಿಸಿಟ್ಟದ್ದಕ್ಕೆ ಇವನೇನು ಮಾಡ್ತಾನೆ?"

ಹಾಗೆ ವ್ಯಾನು ಮೂರನೆಯ ಸಲ ಬಂತು. ಈ ಸಲ ಮೇಸ್ತ್ರಿ ಸ್ಕ್ಯಾನರು ಚುಚ್ಚಿದ. ಗೇರುಗಳಿಗೆ ಹುಕುಂ ಕೊಡುವ ಕಂಟ್ರೋಲ್ ಮಾಡ್ಯೂಲು ನಡುನಡುವೆ ಉತ್ತರವನ್ನೇ ಕೊಡುತ್ತಿಲ್ಲ ಎಂದು ಪರದೆ ಹೇಳಿತು. ಮಾಡ್ಯೂಲೆಂದರೆ ಡ್ರೈವರ್ ಸೀಟಿನ ಕೆಳಗೆ ಕೂತಿರುವ ಅಂಗೈಯಗಲದ ಡಬ್ಬಿ. ಅದಕ್ಕೆ ಹೋಗುವ ಕರೆಂಟು ಸರಿಯಿತ್ತು. ಅರ್ಥ್ ಸರಿಯಿತ್ತು. ತಂತಿಗಳನ್ನು ಒಂದೊಂದಾಗಿ ಎಳೆದು, ಅಲುಗಿಸಿ ನೋಡಿದ; ಒಂದೂ ಸಡಿಲವಿರಲಿಲ್ಲ. ಕೊನೆಗೆ ಕ್ಷೌರಿಕನಿಂದ ಕೂದಲು ಒಣಗಿಸುವ ಮೆಷಿನು ತಂದು ಡಬ್ಬಿಗೆ ಬಿಸಿಗಾಳಿ ಹಿಡಿದ. ಐದೇ ನಿಮಿಷಕ್ಕೆ ಅದು ಮಾತು ನಿಲ್ಲಿಸಿತು. ಫ್ಯಾನಿನಡಿ ತಣ್ಣಗಾದ ಮೇಲೆ ಮತ್ತೆ ಮಾತಾಡಿತು.

ದೋಷ ಡಬ್ಬಿಯದೇ. ಬಿಚ್ಚಿ ನೋಡಿದರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಒಂದು ಮೂಲೆ ಕರಕಲಾಗಿತ್ತು.

"ಹಳೇ ಗಾಡಿ, ವಯಸ್ಸಾಯ್ತು" ಎಂದು ಮೇಸ್ತ್ರಿ ತನಗೆ ತಾನೇ ಹೇಳಿಕೊಂಡ. ಡಬ್ಬಿಯ ಜಾಗವನ್ನು ಒರೆಸಲು ಬಗ್ಗಿದಾಗ ಟಾರ್ಚಿನ ಬೆಳಕು ಸೀಟಿನ ಬೋಲ್ಟಿನ ಮೇಲೆ ಬಿತ್ತು. ಬೋಲ್ಟಿನ ತಲೆಯ ಮೇಲೆ ಹಲ್ಲು ಕಚ್ಚಿದಂಥ ಎರಡು ಗುರುತು, ಸುತ್ತ ಕಿಡಿ ಹಾರಿ ಸುಟ್ಟ ಕಲೆ. ಆ ಹಲ್ಲುಗಳು ಯಾರವೆಂದು ಅವನಿಗೆ ಗೊತ್ತಿತ್ತು. ಅವನದೇ ವೆಲ್ಡಿಂಗ್ ಮೆಷಿನಿನ ಅರ್ಥ್ ಕ್ಲಿಪ್ಪಿನವು.

ಎರಡು ತಿಂಗಳ ಹಿಂದೆ ಕ್ಯಾನುಗಳ ಸ್ಟ್ಯಾಂಡು ಮುರಿದಿತ್ತು. ಅದನ್ನು ಬೆಸೆಯುವಾಗ ವ್ಯಾನಿನ ಹಿಂಬದಿಯಲ್ಲಿ ಬಣ್ಣ ದಪ್ಪವಾಗಿ ಕ್ಲಿಪ್ಪು ಹಿಡಿಯದೆ, ಬಣ್ಣ ಕೆರೆಯಲು ಸೋಮಾರಿತನವಾಗಿ ಕ್ಲಿಪ್ಪನ್ನು ತಂದು ಈ ಬೋಲ್ಟಿಗೇ ಕಚ್ಚಿಸಿದ್ದ. ಊಟದ ಡಬ್ಬಿ ಹಿಡಿದು ನಿಂತಿದ್ದ ಅತ್ತಿಗೆ ಕೇಳಿದ್ದಳು, "ಬ್ಯಾಟರಿ ಬಿಚ್ಚಲ್ವಾ? ಗೋಡೆ ಮೇಲೆ ನೀನೇ ಬರ್ದಿದ್ದೀಯಲ್ಲ."

"ಅದು ಕಲಿಯೋರಿಗೆ ಬರೆದಿರೋದು ಅತ್ತಿಗೆ" ಎಂದು ಅವನು ನಕ್ಕಿದ್ದ. ವೆಲ್ಡಿಂಗಿನ ಕರೆಂಟು ಪಕ್ಕದ ಡಬ್ಬಿಗೂ ಹರಿದು ಸುಟ್ಟದ್ದು ಆಗಲೇ.

ಗೋಡೆಯ ಮೇಲೆ ಆ ಕೆಂಪಕ್ಷರ ಈಗಲೂ ಇತ್ತು: ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿ ತಂತಿ ಬಿಚ್ಚಿ. ಮೇಸ್ತ್ರಿ ಅತ್ತ ನೋಡಲಾರದೆ ಬೆನ್ನು ಹಾಕಿ ಕೂತ. ಮುಖಕ್ಕೆ ಕ್ಷೌರಿಕನ ಆ ಮೆಷಿನಿನ ಬಿಸಿಗಾಳಿಯನ್ನೇ ಹಿಡಿದಂತಿತ್ತು. ಬೋಲ್ಟಿಗೆ ಒಂದಿಷ್ಟು ಉಪ್ಪುಕಾಗದ ತಿಕ್ಕಿದರೆ ಗುರುತು ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಅನ್ನಿಸಿತು. ಉಪ್ಪುಕಾಗದವನ್ನು ಕೈಗೆತ್ತಿಕೊಂಡೂ ಬಿಟ್ಟಿದ್ದ. ಬಹಳ ಹೊತ್ತು ಹಿಡಿದೇ ಕೂತಿದ್ದು ಆಮೇಲೆ ಮಡಚಿ ಜೇಬಿಗೆ ಹಾಕಿಕೊಂಡ.

ನಾಲ್ಕು ದಿನಕ್ಕೆ ಹೊಸ ಡಬ್ಬಿ ಬಂತು. ಈ ಸಲ ಮೊದಲು ಬ್ಯಾಟರಿಯ ತಂತಿ ಬಿಚ್ಚಿದ. ಡಬ್ಬಿ ಕೂರಿಸಿ, ತಂತಿ ಸೇರಿಸಿ, ಲ್ಯಾಪ್‌ಟಾಪಿನಿಂದ ಗಾಡಿಯ ನಂಬರನ್ನು ಅದಕ್ಕೆ ತುಂಬಿಸಿದ. ಇನ್ನು ಡಬ್ಬಿ ಗೇರುಗಳನ್ನು ಹೊಸದಾಗಿ ಕಲಿಯಬೇಕು; ಅದಕ್ಕೆ ಒಂದೇ ಹದದಲ್ಲಿ, ಆತುರವಿಲ್ಲದೆ ಓಡಿಸುವ ಕಾಲು ಬೇಕು. ಅತ್ತಿಗೆಗೆ ಹೇಳಿ ಕಳಿಸಿದ.

ಅವಳು ಸೆರಗು ಸಿಕ್ಕಿಸಿಕೊಂಡು ಸೀಟಿಗೆ ಹತ್ತಿದಳು. "ಈ ಕೆಟ್ಟ ಕಾಲೇ ಬೇಕಾಯ್ತೇನಪ್ಪಾ?"

ಮೇಸ್ತ್ರಿ ಪಕ್ಕದ ಸೀಟಿಗೆ ಹತ್ತಿ ಬಾಗಿಲೆಳೆದುಕೊಂಡ. ವ್ಯಾನು ಕೆರೆಯೇರಿಯ ಉದ್ದಕ್ಕೂ ಹೋಗಿ ತಿರುಗಿತು. ಒಂದು, ಎರಡು, ಮೂರು. ಗೇರು ಬದಲಾದದ್ದೇ ತಿಳಿಯುತ್ತಿರಲಿಲ್ಲ. ಅವಳು ತಟ್ಟೆಯ ತುಂಬ ನೀರಿಟ್ಟುಕೊಂಡವಳಂತೆ ಓಡಿಸುತ್ತಿದ್ದಳು. ಮೊದಲಿನಿಂದಲೂ ಹಾಗೆಯೇ ಓಡಿಸುತ್ತಿದ್ದಿರಬೇಕು. ಅವಳ ಪಕ್ಕದಲ್ಲಿ ಅವನು ಕೂತದ್ದು ಅಂದೇ ಮೊದಲು.

"ಅತ್ತಿಗೆ, ಡಬ್ಬಿ ಸುಟ್ಟಿದ್ದು ನನ್ನ ವೆಲ್ಡಿಂಗಿಂದ" ಎಂದ. "ಅವತ್ತು ನೀವು ಬ್ಯಾಟರಿ ಅಂದ್ರಲ್ಲ."

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಅಂದಿದ್ದೆ" ಎಂದಳು. ಸ್ವಲ್ಪ ದೂರ ಹೋದ ಮೇಲೆ, "ಎರಡು ತಿಂಗಳು ರಾತ್ರಿ ಮಲಗ್ದಾಗ್ಲೂ ಕಾಲು ಬ್ರೇಕ್ ಒತ್ತೋದು. ನಾನೇ ಎಲ್ಲೋ ತಪ್ಪು ಮಾಡ್ತಿದ್ದೀನಿ ಅಂದ್ಕೊಂಡಿದ್ದೆ" ಎಂದಳು.

"ತಪ್ಪಾಯ್ತು ಅತ್ತಿಗೆ."

"ಇಲ್ಲಿ ಹೇಳಿದ್ರೆ ಯಾರಿಗೆ ಕೇಳುತ್ತೆ? ಹೆಸರಿಟ್ಟಾಗ ಕಟಿಂಗ್ ಶಾಪ್ ತುಂಬ ಜನ ಇದ್ರಂತಲ್ಲ."

ಸಂಜೆ ಹಾಲು ಅಳೆಯುವ ಹೊತ್ತಿಗೆ ಮೇಸ್ತ್ರಿ ಸಂಘದ ಮುಂದೆ ನಿಂತ. ಸಾಲಿನಲ್ಲಿ ಇಪ್ಪತ್ತು ಜನ; ಕ್ಷೌರಿಕನೂ ಚೊಂಬು ಹಿಡಿದು ನಿಂತಿದ್ದ. ಮೇಸ್ತ್ರಿ ಕರಕಲಾದ ಡಬ್ಬಿಯನ್ನು ತೂಕದ ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ, ನಡೆದದ್ದನ್ನು ನಡೆದಂತೆ ಹೇಳಿದ.

"ಹಾಗಾದ್ರೆ ಜರ್ಕಣ್ಣ ನೀನೇ ಅನ್ನು" ಎಂದ ಕ್ಷೌರಿಕ. ನಾಲ್ಕು ಜನ ನಕ್ಕರು. ಕಾರ್ಯದರ್ಶಿ ಡಬ್ಬಿಯನ್ನು ತಿರುಗಿಸಿ ನೋಡಿ, "ಹೊಸಬನಿಗೆ ಬರಬೇಡ ಅಂತ ಹೇಳ್ತೀನಿ ಬಿಡಿ" ಎಂದು ವ್ಯಾನಿನ ಬಳಿ ನಿಂತಿದ್ದ ಅತ್ತಿಗೆಯ ಕಡೆಗೆ ಕೈ ಮಾಡಿದ.

ಕ್ಯಾನುಗಳೆಲ್ಲ ಏರಿದವು. ಅತ್ತಿಗೆ ವ್ಯಾನು ಚಾಲೂ ಮಾಡಿ ಹತ್ತು ಮಾರು ಹೋಗಿರಬೇಕು, ಸಾಲಿನ ಕೊನೆಯಲ್ಲಿದ್ದ ಮುದುಕಿ, ಎಲ್ಲವನ್ನೂ ಕಣ್ಣರಳಿಸಿ ಕೇಳಿದ್ದವಳೇ, ಕೈ ಬೀಸುತ್ತ ಕೂಗಿದಳು: "ಜರ್ಕಕ್ಕಾ, ನಿಲ್ಲವ್ವಾ, ಒಂದು ಕ್ಯಾನು ಇಲ್ಲೇ ಉಳೀತು."

ವ್ಯಾನು ನಿಂತಿತು. "ಬಂದೆ ಅಜ್ಜೀ" ಎಂದಳು ಅತ್ತಿಗೆ, ಏನೂ ಆಗದವಳಂತೆ.

ಅವಳು ಇಳಿಯುವ ಮೊದಲೇ ಮೇಸ್ತ್ರಿ ಕ್ಯಾನನ್ನು ಹೆಗಲಿಗೇರಿಸಿದ್ದ. ಯಾರ ಮುಖವನ್ನೂ ನೋಡದೆ ಅದನ್ನು ಹೊತ್ತು ವ್ಯಾನಿನ ಹಿಂಬದಿಗೆ ನಡೆದ.