ಸಮುದ್ರದ ಮುಯ್ಯಿ

ಸಮುದ್ರ ನಮ್ಮೂರಿಗೆ ಗೂಡ್ಸ್ ವ್ಯಾನಿನಲ್ಲಿ ಬಂತು. ಹಿಂದೆ, ನೀಲಿ ಡ್ರಮ್ಮುಗಳ ಸಂದಿಯಲ್ಲಿ ನನ್ನ ಮಗಳು ವನಜಾ ಕೂತಿದ್ದಳು. ಜೀವಿಗಳಿಗೆ ಗಾಳಿ ಊದುವ ಪಂಪು ನಿಲ್ಲಬಾರದೆಂದು ಕರಾವಳಿಯಿಂದ ನಮ್ಮ ನಾಗಲಮಡಿಕೆವರೆಗೂ ಅದನ್ನು ಕಾಯುತ್ತಾ ಬಂದಿದ್ದಳು. ಉಪ್ಪುನೀರಿಗೆ ಅಂಗೈ ಒಡೆದಿತ್ತು. ಅವಳ ಗೈಡು ಪ್ರೊಫೆಸರ್ ಗೌರೀಶ್ ಎಸಿ ಕಾರಿನಲ್ಲಿ ಬಂದರು. ಜೊತೆಗೆ ಅವರ ನಾದಿನಿಯ ಮಗ ಸುನೀಲ್‌ಕುಮಾರ್.

ವನಜಾ ಕಡಲಜೀವಿಗಳ ಮೇಲೆ ಪಿಎಚ್‌.ಡಿ ಮಾಡುತ್ತಿದ್ದಾಳೆ. ಸಮುದ್ರ ಕಾಣದ ಊರಿನ ಮಕ್ಕಳ ಮುಂದೆ ಸಮುದ್ರವನ್ನೇ ತಂದಿಡಬೇಕೆಂಬುದು ಅವಳದೇ ಯೋಚನೆ. ಆದರೆ ಶಾಲೆಯ ಮುಂದೆ ಕಟ್ಟಿದ ಬ್ಯಾನರಿನಲ್ಲಿ ‘ಪರಿಕಲ್ಪನೆ: ಪ್ರೊ. ಗೌರೀಶ್, ನಿರ್ವಹಣೆ: ಸುನೀಲ್‌ಕುಮಾರ್’ ಎಂದಿತ್ತು. ಅಂದು ಇಲಾಖೆಯ ಅಧಿಕಾರಿ ಮೇಡಂ ನೋಡಲು ಬರುವವರಿದ್ದರು. ಕೆಲಸ ಯಾರದೆಂದು ಮೇಡಂ ವರದಿಯಲ್ಲಿ ಬರೆಯುತ್ತಾರೋ ಅವರಿಗೇ ಮುಂದಿನ ಫೆಲೋಶಿಪ್. ಸಿಗದಿದ್ದರೆ ವನಜಾ ಓದು ಬಿಟ್ಟು ಮನೆಗೆ ಬರಬೇಕು.

ನಾನು ಅದೇ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಮಗಳು ಒಲೆ ಹತ್ತಿರ ಬಂದಳು.

“ಹೆಸರು ಹಾಕಿ ಅಂತ ಕೇಳಬಾರದೇನೇ?”

“ಕೇಳ್ದೆ ಕಣಮ್ಮ. ಟೀಮ್ ಸ್ಪಿರಿಟ್ ಕಲ್ತ್ಕೋ ಅಂದ್ರು.”

“ಅಂಗಂದ್ರೆ?”

“ನಾನು ಡ್ರಮ್ ಹೊರೋದು, ಅವ್ರು ಹಾರ ಹಾಕ್ಕೊಳ್ಳೋದು.”

ನನ್ನ ಜೊತೆ ಅಡುಗೆಗಿರುವ, ಈರುಳ್ಳಿ ಹೆಚ್ಚುತ್ತಿದ್ದ ಚಿಕ್ಕಹನುಮಕ್ಕ ತಲೆಯೆತ್ತಿದಳು. “ಮೈಕು ಯಾರ ಕೈಯಾಗೈತೆ?”

“ಇನ್ಯಾರು, ಲಕ್ಷ್ಮಯ್ಯನ ಕೈಯಾಗೆ,” ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಎದ್ದು ಅವನ ಹತ್ತಿರ ಹೋದಳು.

ಲಕ್ಷ್ಮಯ್ಯ ಮದುವೆಮನೆಗಳಲ್ಲಿ ಮುಯ್ಯಿ ಕೂಗುವವನು. ಯಾರು ಏನು ಉಡುಗೊರೆ ತಂದರೆಂದು ಮೈಕಿನಲ್ಲಿ ಸಾರುತ್ತಾನೆ. ಒಬ್ಬರ ಹಂಡೆಯನ್ನು ಇನ್ನೊಬ್ಬರ ಹೆಸರಿಗೆ ಕೂಗಿದವನಲ್ಲ. ಕೂಗಿದ ಮುಯ್ಯಿಯನ್ನು ಪಡೆದವರು ಇಂದಲ್ಲ ನಾಳೆ ತಿರುಗಿ ಮಾಡಲೇಬೇಕು, ಅದು ನಮ್ಮ ಕಡೆಯ ರೂಢಿ.

ಮೇಡಂ ಬಂದರು. ಪ್ರೊಫೆಸರು ‘ನಾನು’ ಎಂದು ಶುರುಮಾಡಿ ‘ನಾನು’ ಎಂದೇ ಭಾಷಣ ಮುಗಿಸಿದರು. ಲಕ್ಷ್ಮಯ್ಯ ಮೈಕು ತೆಗೆದುಕೊಂಡ.

“ಇದೋ ನೋಡ್ರಪ್ಪಾ, ಐದು ಕೈಯಿನ ನಕ್ಷತ್ರ ಮೀನು. ಯಾರ ಮುಯ್ಯಿ?”

ಅಡುಗೆಮನೆ ಬಾಗಿಲಲ್ಲಿ ನಿಂತ ಹೆಂಗಸರು ಕೂಗಿದರು: “ನರಸಿಂಹಮ್ಮನ ಮಗಳು ವನಜಂದು.”

“ಉಪ್ಪುನೀರು, ನಾಕು ಡ್ರಮ್ಮು?”

ಮಕ್ಕಳಿಗೂ ಮದುವೆಮನೆ ಗೊತ್ತು. “ವನಜಕ್ಕಂದು.”

“ದಾರಿಯುದ್ದಕ್ಕೂ ನಿದ್ದೆಗೆಟ್ಟಿದ್ದು?”

“ವನಜಕ್ಕಂದು.”

ಪ್ರೊಫೆಸರು ಎದ್ದರು. “ಏನ್ರೀ ಇದು, ಪ್ರೋಗ್ರಾಂನಲ್ಲಿ ಇಲ್ವಲ್ಲ.”

“ನಿಮ್ದೂ ಕೂಗ್ತೀನಿ ಕುಂತ್ಕಳಿ ಸಾರ್. ಯಾರ್ನೂ ಬುಡಲ್ಲ.”

ಮೇಡಂ ಗಾಜಿನ ತೊಟ್ಟಿಯೊಳಗೆ ಶಂಖ ಹೊತ್ತು ತೆವಳುತ್ತಿದ್ದ ಏಡಿ ತೋರಿಸಿ, ಅದೇನೆಂದು ಸುನೀಲನನ್ನು ಕೇಳಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದು ವನಜಾಳ ಮುಖ ನೋಡಿದ.

ವನಜಾ ತಲೆ ತಗ್ಗಿಸಿ ಹೇಳಿದಳು: “ಇದು ಸ್ವಂತ ಚಿಪ್ಪು ಕಟ್ಟಲ್ಲ ಮೇಡಂ. ಬೇರೆ ಜೀವಿ ಕಟ್ಟಿದ್ದರೊಳಗೆ ಹೋಗಿ ಕೂತ್ಕೊಳ್ಳುತ್ತೆ.”

“ಇದ್ನ ಯಾರ ಹೆಸ್ರಿಗೆ ಕೂಗ್ಲಿ?” ಎಂದ ಲಕ್ಷ್ಮಯ್ಯ.

ಮಕ್ಕಳೆಲ್ಲ ಪ್ರೊಫೆಸರರ ಕಡೆ ತಿರುಗಿ ನಕ್ಕರು. ಮೇಡಂ ನಗು ತಡೆಯಲು ಬಾಯಿಗೆ ಕರ್ಚೀಫು ಹಿಡಿದರು.

ಪ್ರೊಫೆಸರು ವನಜಾಳ ಕಿವಿಯ ಬಳಿ ಬಗ್ಗಿದರು. “ಥೀಸಿಸ್‌ಗೆ ಸಹಿ ಹಾಕೋನು ನಾನು. ಹೇಗೆ ಮುಗಿಸ್ತೀಯ ನೋಡ್ತೀನಿ.”

ಓಲಗದ ಗದ್ದಲದಲ್ಲೂ ಹೆಸರು ಹಿಡಿಯುವ ಕಿವಿ ಲಕ್ಷ್ಮಯ್ಯನದು. ಪಕ್ಕದಲ್ಲೇ ನಿಂತಿದ್ದ. ಗಂಟಲು ಸರಿಮಾಡಿಕೊಂಡ.

“ಪ್ರೊಫೆಸರ್ ಗೌರೀಶ್ ಅವರ ಮುಯ್ಯಿ, ವನಜಂಗೆ. ಥೀಸಿಸ್ ಹೆಂಗೆ ಮುಗಿಸ್ತೀಯ ನೋಡ್ತೀನಿ ಅಂತ ಒಂದು ಬೆದರಿಕೆ.”

ಈ ಸಲ ಯಾರೂ ನಗಲಿಲ್ಲ.

“ಅವರು ಹಾಗೆ ಹೇಳಿದರೇನಮ್ಮಾ?” ಮೇಡಂ ಕೇಳಿದರು.

ಮಗಳು ನನ್ನ ಕಡೆ ನೋಡಿದಳು. ಆಮೇಲೆ ತಲೆಯೆತ್ತಿದಳು. “ಹೌದು ಮೇಡಂ. ಇದು ಮೊದಲ ಸಲ ಅಲ್ಲ.”

ಮೇಡಂ ಪೆನ್ನಿನ ಕ್ಯಾಪು ತೆಗೆದರು. ಪ್ರೊಫೆಸರು ಕಾರಿನತ್ತ ನಡೆದರು. ಚಿಕ್ಕಹನುಮಕ್ಕ ಸೌಟು ಹಿಡಿದು ಅಡ್ಡ ನಿಂತಳು. ನಾನೂ ಒಲೆ ಬಿಟ್ಟು ಹೋಗಿ ಅವಳ ಪಕ್ಕ ನಿಂತೆ. ನಮ್ಮ ಬೆನ್ನಿಗೆ ಊರ ಹೆಂಗಸರು.

“ಉಂಡ್ಕಂಡ್ ಹೋಗಿ ಸಾರ್,” ಎಂದಳು ಚಿಕ್ಕಹನುಮಕ್ಕ. “ಮುಯ್ಯಿ ಮಾಡಿದೋರ್ನ ಬರೀ ಕೈಯಾಗೆ ಕಳ್ಸಲ್ಲ ನಾವು.”