ಆರೋಪವಲ್ಲ, ಅಧ್ಯಾರೋಪಣ

ಗೋಡೆಯ ಬಿರುಕಿಗೆ ಗಾರೆ ಮೆತ್ತಿ ಮುಚ್ಚಿಬಿಡು ಎಂದು ಪ್ರೆಸ್ಸಿನ ಯಜಮಾನರು ನನ್ನನ್ನು ಕರೆಸಿದ್ದರು. ಕೆಳಗೆ ಹಳೆಯದೊಂದು, ಹೊಸದೊಂದು ಮುದ್ರಣ ಯಂತ್ರ. ಅಪರೂಪಕ್ಕೆ ಮಾತ್ರ ಎರಡೂ ಒಟ್ಟಿಗೆ ಓಡಿದ್ದವು. ಇನ್ನು ಮೇಲೆ ದಿನವಿಡೀ ಓಡಬೇಕಿತ್ತು. ಮೇಲೆ ಅವರದೇ ಹೊಲಿಗೆ ಹಾಲ್. ಅಲ್ಲಿನ ಮೂವತ್ತು ಹೆಂಗಸರಲ್ಲಿ ನನ್ನ ಕಿರಿಮಗಳೂ ಒಬ್ಬಳು.

ಹಳೇ ಕಟ್ಟಡ, ಹಳೇ ಬಿರುಕು ಎಂದರು ಯಜಮಾನರು. ನಾನು ಉಳಿಯಿಂದ ಕೆತ್ತಿ ನೋಡಿದೆ. ಅಡಿಯಲ್ಲಿ ಸುಣ್ಣದ ಗಾರೆ, ಅದರ ಮೇಲೆ ಸಿಮೆಂಟು, ಅದರ ಮೇಲೆ ಹೋದ ವರ್ಷ ನಾನೇ ಹೊಡೆಸಿದ ಬಣ್ಣ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಬಿರುಕು ಬಣ್ಣವನ್ನೂ ಸೀಳಿತ್ತು. ಅಂದರೆ ಇದು ಹಳೆಯದಲ್ಲ.

ಬಿರುಕಿಗೆ ಅಡ್ಡವಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಗಾರೆ ಮೆತ್ತಿದೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ಮರುದಿನ ಹಳೆಯ ಯಂತ್ರ ಓಡಿಸಿದರು. ಗಾಜು ಜಪ್ಪಯ್ಯ ಅನ್ನಲಿಲ್ಲ. ಅದನ್ನು ನಿಲ್ಲಿಸಿ ಹೊಸದನ್ನು ಓಡಿಸಿದರು. ಆಗಲೂ ಇಲ್ಲ.

"ಏನ್ ಮೇಸ್ತ್ರಿ, ಕನ್ನಡಿ ಅಂಗಡಿ ಇಡ್ತೀಯಾ?" ಎಂದು ಯಜಮಾನರು ನಕ್ಕರು.

ಕಾಲೇಜಿನಲ್ಲಿ ವಿಜ್ಞಾನ ಕಲಿಸುವ ಹಿರಿಮಗಳನ್ನು ಈ ಬಿರುಕಿನ ಬಗ್ಗೆ ಹಿಂದಿನ ಸಂಜೆಯೇ ಕೇಳಿದ್ದೆ. ಎರಡು ನಡುಕ ಒಂದರ ಮೇಲೊಂದು ಬಿದ್ದರೆ ಕೂಡಿಕೊಳ್ಳಬಹುದು, ಅದಕ್ಕೆ ಅಧ್ಯಾರೋಪಣ ಅನ್ನುತ್ತಾರೆ ಎಂದಿದ್ದಳು. ಮಣ್ಣಿನ ಪದರ ಓದುವವರಿಗೂ ಅದೇ ಮಾತಂತೆ, ಅರ್ಥ ಬೇರೆ: ಅಡಿಯದು ಮೊದಲು ಬಿದ್ದದ್ದು. ಅಣುವಿನವರಿಗೆ ಇನ್ನೊಂದು: ನೋಡುವ ತನಕ ಹೀಗೂ ಹೌದು, ಹಾಗೂ ಹೌದು. ಅದು ಗೋಡೆ ಕೆಳಗೆ ನಿಲ್ಲದವರ ಮಾತು ಎಂದು ನಾನು ನಕ್ಕಿದ್ದೆ.

ಎರಡನ್ನೂ ಒಟ್ಟಿಗೆ ಓಡಿಸಿ ನೋಡಬೇಕು, ಮೊದಲು ಮೇಲಿನವರನ್ನು ಇಳಿಸಿ ಎಂದೆ. ಒಂದೊಂದಕ್ಕೂ ತಡೆದ ಗೋಡೆ ಎರಡಕ್ಕೂ ತಡೆಯುತ್ತದೆ, ಕೆಲಸ ನಿಲ್ಲಿಸಲಾರೆ ಎಂದರು. ಇದು ಅಧ್ಯಾರೋಪಣ ಎಂದು ತಡವರಿಸಿದೆ. ಅವರ ಮುಖ ಬಿಗಿಯಿತು.

"ನನ್ನ ಮೇಲೇ ಆರೋಪನಾ?"

ಹೊಸ ಯಂತ್ರ ಓಡುತ್ತಲೇ ಇತ್ತು. ಕೋಪದಲ್ಲಿ ಅವರ ಕೈ ಹಳೆಯದರ ಸ್ವಿಚ್ಚಿಗೆ ಹೋಯಿತು. ತಲೆಯ ಮೇಲೆ ಹೊಲಿಗೆ ಯಂತ್ರಗಳ ಟಕಟಕ. ವಾದಕ್ಕೆ ಹೊತ್ತಿರಲಿಲ್ಲ.

"ಸ್ವಿಚ್ಚು ನಾನು ಹಾಕ್ತೀನಿ ಯಜಮಾನ್ರೇ. ನೀವು ಮೇಲೆ ಹೋಗಿ ನನ್ನ ಮಗಳ ಪಕ್ಕ ಕೂತ್ಕೊಳ್ಳಿ."

ಕೈ ಅಲ್ಲೇ ನಿಂತಿತು. ಗಾಜನ್ನು ನೋಡಿದರು, ಸೂರು ನೋಡಿದರು. ಯಂತ್ರ ನಿಲ್ಲಿಸಿ, ತಾವೇ ಮೆಟ್ಟಿಲು ಹತ್ತಿ ಎಲ್ಲರನ್ನೂ ಇಳಿಸಿದರು.

"ಒಂದೇ ತೋಳು ಹೊಲ್ದಿದ್ದೆ ಕಣಪ್ಪಾ," ಎಂದು ಕಿರಿಮಗಳು ಗೊಣಗುತ್ತ ರಸ್ತೆ ದಾಟಿದಳು.

ಎರಡೂ ಯಂತ್ರಗಳನ್ನು ಅಣಿಮಾಡಿ, ಬಾಗಿಲಾಚೆ ನಿಂತು ಮೇನ್ ಸ್ವಿಚ್ಚು ಹಾಕಿದೆವು. ಗುಂಯ್ ಎನ್ನುವ ಸದ್ದು ಏರಿತು, ಇಳಿಯಿತು, ಮತ್ತೆ ಏರಿತು. ಮೂರನೆಯ ಸಲ ಏರಿದಾಗ ಗಾಜಿನ ಅರ್ಧ ತುಂಡು ನೆಲಕ್ಕೆ ಬಿತ್ತು.

ಯಜಮಾನರು ಸ್ವಿಚ್ಚು ಆರಿಸಿದರು. ರಸ್ತೆಯಾಚೆ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಅದೇನೋ ಅಂದೆಯಲ್ಲ ಮೇಸ್ತ್ರಿ, ಆರೋಪ ಅಲ್ದೆ ಇನ್ನೊಂದು. ಮತ್ತೊಂದ್ಸಲ ಹೇಳು."