ಬತ್ತಾಸಿಯ ಹೆಸರಿನಲ್ಲಿ ನಿಂತ ಕರು

ಬತ್ತಾಸಿ ಸತ್ತದ್ದು ಗುರುವಾರ ಸಂಜೆ. ಭಾನುವಾರ ಬೀದರಿನಲ್ಲಿ ಅದರ ಸ್ಪರ್ಧೆಯಿತ್ತು.

ಎಕಂಬಾದ ಹೊಲದಲ್ಲಿ ಜೋಳ ಕೊಯ್ದು ತಿಂಗಳಾಗಿತ್ತು. ಕೊಯ್ದ ಬುಡದಿಂದ ಮತ್ತೆ ಎಳೆ ಚಿಗುರು ಒಡೆದಿತ್ತು. ಆ ಚಿಗುರಿನಲ್ಲಿ ವಿಷವಿರುತ್ತದೆ, ಅಲ್ಲಿ ದನ ಬಿಡಬಾರದು ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಹತ್ತು ತಿಂಗಳ ಕರುವಿಗೆ ಗೊತ್ತಿರಲಿಲ್ಲ. ಗೂಟ ಕಿತ್ತು ಬಂದಿತ್ತು. ಹಗ್ಗ ಎಳೆದುಕೊಂಡು ಹೋಗಿ ಹೊಟ್ಟೆ ತುಂಬ ತಿಂದಿತ್ತು. ಎಂಟನೇ ತರಗತಿಯ ಆಮ್ರಪಾಲಿ ಶಾಲೆಯಿಂದ ಬಂದಾಗ ಅದು ಬಾಯಲ್ಲಿ ನೊರೆ ಬಿಟ್ಟುಕೊಂಡು ಮಗ್ಗುಲಾಗಿ ಬಿದ್ದಿತ್ತು. ಅವಳು ಆಯಿ ಎನ್ನುವ ಅಜ್ಜಿ ಅಂಜನಾಬಾಯಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹುಡುಗಿ ಬೆನ್ನಿನ ಚೀಲ ಇಳಿಸುವುದರೊಳಗೆ ಎಲ್ಲ ಮುಗಿಯಿತು.

ಅವಳ ತಂದೆಯ ಹೆಸರು ಉತ್ತಮ, ಬೀದರಿನ ಅಂಚಿಗಿರುವ ಕೊಳಾರದ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್. ಹೆಂಡತಿ ಸುಮನ ಫೋನಿನಲ್ಲಿ ಅವನಿಗೆ ಸುದ್ದಿ ಹೇಳಿದಳು.

"ಡಾಕ್ಟರಿಗಿ ಫೋನ್ ಹಚ್ಚೀರೇನು?"

"ಇಲ್ಲ. ಹಚ್ಚೂದ್ರಾಗ ಹೋಗಿಬಿಡ್ತು."

"ಈಗ ಹಚ್ಚಬ್ಯಾಡ. ಯಾರಿಗೂ ಹೇಳಬ್ಯಾಡ. ನಾ ಬರ್ತೇನಿ."

ಕತ್ತಲಾಗುವ ಹೊತ್ತಿಗೆ ಅವನು ಬಂದ. ಹೊಲದ ಮೂಲೆಯಲ್ಲಿ ತಾನೊಬ್ಬನೇ ಕುಣಿ ತೋಡಿದ. ಆಮ್ರಪಾಲಿ ಜೋರಾಗಿ ಅಳತೊಡಗಿದಾಗ ಹಾರೆ ಬಿಟ್ಟು ಬಂದು ಅವಳ ತಲೆಯ ಮೇಲೆ ಕೈಯಿಟ್ಟ. "ಅಳಬ್ಯಾಡ ಬೇಟಾ. ಬಾಜೂ ಹೊಲದವರಿಗಿ ಕೇಳಸ್ತದ."

ತಾಯಿ ಆಕಳು ಕೂಗುವುದನ್ನು ಮಾತ್ರ ಅವನಿಗೆ ನಿಲ್ಲಿಸಲಾಗಲಿಲ್ಲ. ರಾತ್ರಿಯೆಲ್ಲ ಕೂಗಿತು. ಬೆಳಿಗ್ಗೆ ಓಣಿಯವರು ಕೇಳಿದರೆ, "ಬೆದಿಗಿ ಬಂದದ" ಎಂದ. ಬೆದೆಗೆ ಬಂದ ಆಕಳೂ ಹಾಗೆಯೇ ಕೂಗುತ್ತದೆ. ಕೇಳಿದವರು ನಂಬಿದರು.

ಸುಳ್ಳು ಹೇಳುವ ಮನುಷ್ಯನಲ್ಲ ಉತ್ತಮ. ಹೋದ ತಿಂಗಳು ಔರಾದಿನಲ್ಲಿ ತಾಲೂಕು ಮಟ್ಟದ ಮಕ್ಕಳ ಕರು ಸಾಕಣೆ ಸ್ಪರ್ಧೆ ನಡೆದು, ಬತ್ತಾಸಿಗೆ ಮೊದಲ ಬಹುಮಾನ ಬಂದಿತ್ತು. ಹಗ್ಗದಾಚೆ ನಿಂತ ಒಬ್ಬ, ಪಕ್ಕದವನಿಗೆ ಹೇಳುವಂತೆ ಎಲ್ಲರಿಗೂ ಕೇಳಿಸುವ ಹಾಗೆ ಅಂದಿದ್ದ: "ದನಾ ಎತ್ತಿ ಒಯ್ಯೋ ಮನಿಯವರು ಸಾಕೂದು ಯಾವಾಗ ಕಲ್ತರಪಾ?" ನಾಲ್ಕು ಜನ ನಕ್ಕಿದ್ದರು. ಒಂದು ಕಾಲದಲ್ಲಿ ಊರಿನ ಸತ್ತ ದನಗಳನ್ನು ಹೊರಗೆ ಹಾಕುವ ಕೆಲಸ ಉತ್ತಮನ ಮನೆತನದ ಮೇಲಿತ್ತು. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಅವನ ಅಜ್ಜ ಅದನ್ನು ಬಿಟ್ಟಿದ್ದ. ಉತ್ತಮ ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಮಾತು. ಅವನು ಅವತ್ತು ಔರಾದಿನಲ್ಲಿ ತಿರುಗಿ ಏನೂ ಹೇಳಲಿಲ್ಲ. ಜಿಲ್ಲಾ ಸ್ಪರ್ಧೆ ಗೆದ್ದು ಬೀದರಿನಲ್ಲಿ ಹೇಳುತ್ತೇನೆ ಎಂದುಕೊಂಡು ಬಂದಿದ್ದ.

ಶುಕ್ರವಾರ ಸಂಜೆ ಆಮ್ರಪಾಲಿಯ ಸೋದರಮಾವ ಸುಶೀಲಕುಮಾರ ಭಾಲ್ಕಿಯಿಂದ ಪಿಕ್‌ಅಪ್ ಗಾಡಿಯಲ್ಲಿ ಒಂದು ಕರು ತಂದ. ಬತ್ತಾಸಿಯ ತಾಯಿಯೂ ಅವನ ಮನೆಯಿಂದಲೇ ಬಂದದ್ದು. ಎರಡು ಕರುಗಳೂ ಒಂದೇ ಹೋರಿಯವು, ಹೆಚ್ಚುಕಡಿಮೆ ಒಂದೇ ವಾರ ಹುಟ್ಟಿದವು. ದೇವಣಿ ತಳಿಯಲ್ಲಿ ಮೈಯೆಲ್ಲ ಬಿಳಿಯಾಗಿ ಮುಖದ ಎರಡು ಬದಿ ಮಾತ್ರ ಕಪ್ಪಿರುವ ಬಗೆಗೆ ವಾನೇರಾ ಎನ್ನುತ್ತಾರೆ. ಮೈಮೇಲೆ ಮಚ್ಚೆಯಿರುವ ಬಗೆಯಾದರೆ ಒಂದನ್ನು ಇನ್ನೊಂದರ ಜಾಗದಲ್ಲಿ ನಿಲ್ಲಿಸಲು ಬರುವುದಿಲ್ಲ. ವಾನೇರಾ ಕರುಗಳನ್ನು ಸಾಕಿದವರೇ ಗುರುತಿಸಬೇಕು.

"ನೋಡವಾ, ನಿನ್ನ ಬತ್ತಾಸಿ ಭಾಲ್ಕಿ ಪೇಟಿ ನೋಡ್ಕೊಂಡು ಬಂದಾಳ," ಎಂದ ಮಾವ. ಯಾರೂ ನಗಲಿಲ್ಲ.

"ಇದರ ಹೆಸರೇನು ಮಾಮಾ?"

"ಹೆಸರಾ? ಕರಾ ಅಂತೇವಿ."

ಅದರ ಎಡಗಿವಿಯ ತುದಿ ಸೀಳಿತ್ತು. ಸೀಳಿಗೆ ಅರಿಶಿಣ ಮೆತ್ತಿತ್ತು. ಪ್ರತಿ ಕರುವಿನ ಕಿವಿಯಲ್ಲಿ ನಂಬರಿನ ಹಳದಿ ಬಿಲ್ಲೆ ಇರುತ್ತದೆ. ಆ ನಂಬರೇ ಸ್ಪರ್ಧೆಯ ದಾಖಲೆಯಲ್ಲೂ ಇರುತ್ತದೆ. ಈ ಕರುವಿನ ನಂಬರ್ ಬೇರೆ. ಹಾಗಾಗಿ ಬಿಲ್ಲೆ ಕತ್ತರಿಸಿ, ಬೇಲಿಗೆ ಸಿಕ್ಕಿ ಹರಿದ ಹಾಗೆ ಕಾಣಲೆಂದು ಕಿವಿಯನ್ನೂ ಸೀಳಿದ್ದರು. ಆಮ್ರಪಾಲಿ ಹತ್ತಿರ ಹೋದಾಗ ಕರು ತಲೆ ಹಿಂದಕ್ಕೆ ಎಳೆದುಕೊಂಡಿತು.

ಅಂಜನಾಬಾಯಿ ಮಗನ ಎದುರು ಬಂದು ನಿಂತಳು. "ಸತ್ತ ದನಾ ಎತ್ತಿದ ಮನಿ ನಮ್ದು, ಹೌದು. ಸತ್ತದ್ದು ಮುಚ್ಚಿಟ್ಟ ಮನಿ ಅಲ್ಲ ಉತ್ತಮ."

"ಅವ್ವಾ, ಸತ್ತದ ಅಂತ ಹೇಳಿದ್ರ ಅವರು ಏನಂತಾರ ಗೊತ್ತದೇನು? ನೋಡ್ರಿ, ಇವರ ಕೈಗಿ ಕೊಟ್ರ ದನಾ ಸಾಯೂದೇ ಅಂತಾರ. ಅದನ್ನ ನನ್ನ ಮಗಳು ಕೇಳಬೇಕೇನು?"

ಮುದುಕಿ ಆಕಳಿನ ಹತ್ತಿರ ಹೋಗಿ ಕೂತಳು. ಸುಮನ ಒಳಗೆ ಹೋಗಿ ರೊಟ್ಟಿ ಬಡಿಯತೊಡಗಿದಳು.

ಭಾನುವಾರ ಬೀದರಿನ ಮೈದಾನದಲ್ಲಿ ಬೆಳಿಗ್ಗೆಯೇ ಧ್ವನಿವರ್ಧಕದಲ್ಲಿ ನಿಯಮಗಳನ್ನು ಓದಿದರು. ಕರುವನ್ನು ಮಗುವೇ ಸಾಕಿರಬೇಕು. ತಾಲೂಕಿನಲ್ಲಿ ಗೆದ್ದ ಕರುವನ್ನೇ ತಂದಿರಬೇಕು, ಬದಲಿ ತಂದರೆ ಹೆಸರು ರದ್ದು. ತೂಕ ಹೆಚ್ಚಲೆಂದು ಒತ್ತಾಯದಿಂದ ನೀರು ಕುಡಿಸಬಾರದು, ಬಣ್ಣ ಹಚ್ಚಬಾರದು, ಹೊಡೆಯಬಾರದು. ದೊಡ್ಡವರು ಹಗ್ಗ ದಾಟಿ ಒಳಗೆ ಬರಬಾರದು. ಮಕ್ಕಳೆಲ್ಲ ಬಲಗೈ ಚಾಚಿ, ಹೇಳಿಕೊಟ್ಟ ಪ್ರತಿಜ್ಞೆಯನ್ನು ಹೇಳಿದರು. ಆಮ್ರಪಾಲಿಯೂ ಹೇಳಿದಳು.

ನಿರ್ಣಾಯಕರಲ್ಲಿ ಹಿರಿಯಳು ಪಶುವೈದ್ಯೆ ಸಿದ್ದೇಶ್ವರಿ. ಒಂದು ಕರುವಿನ ಬೆನ್ನ ಮೇಲೆ ಬೆರಳಾಡಿಸಿ ಮೂಸಿ ನೋಡಿ, ಅದರ ಹುಡುಗನನ್ನು ಕೇಳಿದಳು: "ಪೌಡರ್ ಹಚ್ಚೀ ಏನೋ? ಲಗ್ನಕ್ಕ ಒಯ್ಲಾಕತ್ತೀ?"

"ನಾ ಅಲ್ರೀ ಮೇಡಂ, ಅವ್ವ ಹಚ್ಯಾಳ್ರಿ."

"ಹಂಗಾರ ಅವ್ವಗ ಬಹುಮಾನ ಕೊಡೋಣು. ನೀ ತೊಳಕೊಂಡು ಬಾ ಹೋಗು."

ಆಮ್ರಪಾಲಿಯ ಸರದಿ ಬಂದಾಗ ಸಿದ್ದೇಶ್ವರಿ ಕರುವಿನ ಹಲ್ಲು ನೋಡಿದಳು, ಎದೆಯ ಸುತ್ತಳತೆ ತೆಗೆದಳು, ಸೀಳಿದ ಕಿವಿಯ ಹತ್ತಿರ ನಿಂತಳು. ಬಿಲ್ಲೆ ಕಳೆದಿದ್ದರೆ ಮಗುವನ್ನು ಒಂಟಿಯಾಗಿ ಕೂರಿಸಿಕೊಂಡು ಕರುವಿನ ಬಗ್ಗೆ ಕೇಳಬೇಕು ಎಂಬುದು ನಿಯಮ. ಬೇರೆಯವರ ಕರುವನ್ನು ತಂದ ಮಗು ಮೂರನೇ ಪ್ರಶ್ನೆಗೆ ಸಿಕ್ಕಿಬೀಳುತ್ತದೆ ಎನ್ನುವುದು ನಿರ್ಣಾಯಕರ ಅನುಭವ. ಅವಳು ಹುಡುಗಿಯನ್ನು ಶಾಮಿಯಾನದ ಕೆಳಗೆ ಕರೆದೊಯ್ದಳು. ಹತ್ತಿರದ ಸಾಲಿನ ಮಕ್ಕಳು ಕಿವಿಗೊಟ್ಟು ನಿಂತರು.

"ಬತ್ತಾಸಿ ಅಂತ ಯಾಕ ಹೆಸರಿಟ್ಟಿ?"

"ಹುಟ್ಟಿದಾಗ ಬತ್ತಾಸದಂಗ ಬೆಳ್ಳಗಿತ್ರಿ. ಅದರವ್ವ ನೆಕ್ಕಲಾಕತ್ತಿತ್ತು. ಹಿಂಗೇ ನೆಕ್ಕಿದ್ರ ಕರಗೇ ಹೋಗ್ತದ ಅಂತ ನಮ್ಮ ಆಯಿ ಅಂದ್ಳು."

"ಏನು ತಿಂತದ?"

"ತೊಗರಿ ಹೊಟ್ಟು, ಹಿಂಡಿ. ತಿಂದಾದ ಮ್ಯಾಲ ನನ್ನ ದುಪಟ್ಟಾದ ತುದಿ ಬಾಯಾಗ ಇಟಗೊಂಡು ನಿಲ್ತದ. ಅಗಿಯಂಗಿಲ್ಲ, ಸುಮ್ನ ಇಟಗೋತದ."

"ಯಾವುದಕ್ಕ ಅಂಜ್ತದ?"

"ಕುಕ್ಕರಿಗ್ರಿ. ಒಂದ್ ಸೀಟಿ ಹೊಡದ್ರ ಹಗ್ಗಾ ಜಗ್ತದ. ಮೂರು ಹೊಡದ್ರ ಸುಮ್ಮ ಆಗ್ತದ. ಅನ್ನಾ ಆಯ್ತು ಅಂತ ಅದಕ್ಕೂ ಗೊತ್ತದರಿ."

ಸಿದ್ದೇಶ್ವರಿ ನಕ್ಕಳು. ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದವನೂ ಪೆನ್ನು ನಿಲ್ಲಿಸಿ ನಕ್ಕ. ಆಮ್ರಪಾಲಿ ನಿಲ್ಲಿಸಲಿಲ್ಲ. ಕೇಳದಿದ್ದರೂ ಹೇಳಿದಳು: ಮಳೆಗಾಲದಲ್ಲಿ ಹೊಟ್ಟೆ ಕೆಟ್ಟಾಗ ಅದರ ಪಕ್ಕದಲ್ಲೇ ಚಾಪೆ ಹಾಕಿ ಮಲಗಿದ್ದು, ಹುಟ್ಟಿದಾಗ ಒಳಗೆ ತಿರುಗಿದ್ದ ಬಲಗಾಲಿನ ಗೊರಸು ಆಮೇಲೆ ನೆಟ್ಟಗಾದದ್ದು, ಕಾಗೆ ಬಂದು ಬೆನ್ನ ಮೇಲೆ ಕೂತರೆ ಓಡಿಸದೆ ನಿಲ್ಲುವುದು. ಹೊಲದಲ್ಲಿ ಎಲ್ಲೇ ಇರಲಿ, ಬತ್ತಾಸಿ ಎಂದು ಕರೆದರೆ ಓಡಿಬಂದು ತನ್ನ ಪಕ್ಕೆಗೆ ಹಣೆ ಒತ್ತಿ ನಿಲ್ಲುತ್ತದೆ ಎಂದು ಜಾಗ ಮುಟ್ಟಿ ತೋರಿಸಿದಳು. ಗುರುವಾರದಿಂದ ಬತ್ತಾಸಿಯ ಬಗ್ಗೆ ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

"ಸಾಕವಾ, ಸಾಕು. ಕಡೀ ಮಾತು. ಕಿವಿ ಹ್ಯಾಂಗ ಹರೀತು?"

ಆಮ್ರಪಾಲಿ ಹೊರಗೆ ನೋಡಿದಳು. ಉತ್ತಮ ಹಗ್ಗದಾಚೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಿಂತಿದ್ದ. ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದ. ಅವನಿಗೆ ಮಾತು ಕೇಳಿಸುತ್ತಿರಲಿಲ್ಲ. ಅವಳ ತುಟಿಯನ್ನೇ ನೋಡುತ್ತಿದ್ದ.

"ತಂತಿ ಬೇಲಿಗಿ ಸಿಕ್ಕಿತ್ರಿ," ಎಂದಳು.

ಕಣದಲ್ಲಿ ಕರು ನಡೆಯಲು ಅಂಜಿತು. ಉಳಿದ ಮಕ್ಕಳು ಹಗ್ಗ ಎಳೆದರು, ಒಂದಿಬ್ಬರು ಕದ್ದು ಬಾಲ ತಿರುವಿದರು. ಆಮ್ರಪಾಲಿ ಹಗ್ಗ ಸಡಿಲ ಬಿಟ್ಟು, ಅದು ನಿಂತಲ್ಲಿ ತಾನೂ ನಿಂತು, ಅದು ಹೆಜ್ಜೆಯಿಟ್ಟಾಗ ತಾನೂ ಇಟ್ಟಳು. ಇಂಥ ತಾಳ್ಮೆ ಮಕ್ಕಳಲ್ಲಿ ಅಪರೂಪ ಎಂದು ಧ್ವನಿವರ್ಧಕದಲ್ಲಿ ಹೇಳಿದರು. ಮಧ್ಯಾಹ್ನ ಫಲಿತಾಂಶ ಬಂತು. ಮೊದಲ ಬಹುಮಾನ ಔರಾದ ತಾಲೂಕು ಎಕಂಬಾದ ಆಮ್ರಪಾಲಿ ಮತ್ತು ಬತ್ತಾಸಿಗೆ. ಎರಡನೆಯದು ಕಮಠಾಣದ ಶಿವಕಾಂತ ಮತ್ತು ಅವನ ಕರುವಿಗೆ.

ಔರಾದಿನಲ್ಲಿ ಆ ಮಾತಾಡಿದ್ದವನು ತಾನಾಗಿ ಬಂದು ಕೈ ಕುಲುಕಿದ. "ಮುಬಾರಕ್ ಉತ್ತಮ ಸಾಹೇಬ್ರ. ತಾಲೂಕಿನ ಹೆಸರು ಉಳಿಸೀರಿ." ಉತ್ತಮ ಅವನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ಆಮೇಲೆ ಫೋನ್ ತೆಗೆದು ಒಬ್ಬೊಬ್ಬರಿಗೇ ಸುದ್ದಿ ಹೇಳತೊಡಗಿದ.

ಆಮ್ರಪಾಲಿ ಕರುವನ್ನು ಮೈದಾನದ ಹಿಂದಿನ ಬೇವಿನ ಮರದ ನೆರಳಿಗೆ ಒಯ್ದಳು. ಅದಕ್ಕೆ ಹಾಕಿದ್ದ ಹಾರ ಬಿಚ್ಚಿ ತಿನ್ನಲು ಕೊಟ್ಟು, ಹಗ್ಗ ನೆಲಕ್ಕೆ ಬಿಟ್ಟಳು. ಶಿವಕಾಂತ ಅಲ್ಲಿಗೆ ಬಂದ. ಅವಳಿಗಿಂತ ಒಂದೆರಡು ವರ್ಷ ದೊಡ್ಡವನು. ಅವನ ಕಣ್ಣು ಕೆಂಪಾಗಿದ್ದವು, ಮುಖ ತೊಳೆದುಕೊಂಡು ಬಂದಿದ್ದ.

"ಕುಕ್ಕರಿಂದು ನಾ ಕೇಳ್ದೆ," ಎಂದ. "ನಾ ಸೋತಿದ್ದು ಅಲ್ಲೇ. ನಮ್ಮನ್ಯಾಗ ಒಲಿ ಮ್ಯಾಲ ಅಡಗಿ. ನಮ್ಮ ಕರಕ್ಕ ಅಂಜಲಾಕ ಒಂದ್ ಸೀಟೀನೂ ಇಲ್ಲ."

ಅವಳು ನಗಲು ನೋಡಿದಳು.

"ಕರದ್ರ ಓಡಿ ಬರ್ತದಂತಲ್ಲ. ಒಮ್ಮಿ ಕರಿ, ನೋಡ್ತೇನಿ. ನಂದಕ್ಕೂ ಕಲಸ್ತೇನಿ."

"ಈಗ ಬ್ಯಾಡ. ದಣದದ."

"ಒಂದೇ ಸಲ. ಗೆದ್ದಾಕಿ ಇಷ್ಟು ಸೊಕ್ಕು ಮಾಡಬಾರ್ದು."

"ಬತ್ತಾಸಿ," ಎಂದಳು ಆಮ್ರಪಾಲಿ.

ಕರು ಹೂ ತಿನ್ನುತ್ತಿತ್ತು.

"ಬಹುಮಾನ ಬಂದ ಮ್ಯಾಲ ದೊಡ್ಡ ಮನಷ್ಯಾ ಆಗ್ಯಾದ," ಎಂದು ಶಿವಕಾಂತ ನಕ್ಕ. "ಜೋರ ಕರಿ."

"ಬತ್ತಾಸಿ!"

ಕರು ತಲೆಯೆತ್ತಿತು. ಅವಳ ಕಡೆ ಅಲ್ಲ, ರಸ್ತೆಯ ಕಡೆ ನೋಡಿ ಮತ್ತೆ ಬಾಯಿ ಹಾಕಿತು. ಅವಳು ಮತ್ತೊಮ್ಮೆ ಕರೆದಳು. ಎಕಂಬಾದ ಹೊಲದ ಆಚೆ ಅಂಚಿಗೆ ಕೇಳಿಸುವ ಹಾಗೆ ಕರೆದಳು, ಎದುರಿಗಿದ್ದ ಕರುವನ್ನು ನೋಡದೆ ಕರೆದಳು. ನಾಲ್ಕನೆಯ ಸಲ ಕರೆಯದೆ, ನೆಲದ ಮೇಲಿದ್ದ ಹಗ್ಗ ಎತ್ತಿಕೊಂಡಳು. ಶಿವಕಾಂತನ ನಗು ನಿಂತಿತು.

"ಸತ್ತದ," ಎಂದಳು.

"ಯಾವದು?"

"ಬತ್ತಾಸಿ. ಗುರುವಾರ ಸತ್ತದ."

"ಮತ್ತ ಇದು?"

"ಮಾಮಾನ ಮನೀದು. ಇದಕ್ಕ ಹೆಸರಿಲ್ಲ."

ಅವನು ಕರುವನ್ನು ನೋಡಿದ, ಸೀಳಿದ ಕಿವಿ ನೋಡಿದ. ಸಿಟ್ಟು ಬರಬೇಕಿತ್ತು, ಬಾಯಿಗೆ ಬಂದದ್ದು ಬೇರೆ.

"ಹ್ಯಾಂಗ ಸತ್ತಿತು?"

ಅವಳು ಹೇಳಿದಳು. ಗೂಟ ಕಿತ್ತದ್ದು, ಜೋಳದ ಚಿಗುರು, ಬಾಯಿಯ ನೊರೆ, ಅಜ್ಜಿಯ ತೊಡೆ. ಕುಣಿಯಲ್ಲಿ ಇಳಿಸುವಾಗ ಕಾಲು ಮಡಿಚಲು ಬರಲಿಲ್ಲವೆಂದು ಬಾಬಾ ಇನ್ನಷ್ಟು ತೋಡಿದ್ದು. ಶಿವಕಾಂತ ಕುಕ್ಕರಗಾಲಲ್ಲಿ ಕೂತು ಕೇಳಿದ. ಅವಳು ಮುಗಿಸಿದ ಮೇಲೆ ದೂರದಲ್ಲಿದ್ದ ತನ್ನ ಕರುವನ್ನು ನೋಡಿದ.

"ನಾ ನಮ್ಮಪ್ಪಗ ಹೇಳಬೇಕಾಗ್ತದ," ಎಂದ ಕಡೆಗೆ. "ನನ್ನ ಕರಾನೂ ನಾ ಸಾಕೇನಿ."

"ಹೇಳು."

"ನಿಮ್ಮ ಬಾಬಾಗ ಎಲ್ಲಾರ ಎದುರು ಬೈತಾರ."

"ಗೊತ್ತದ."

"ನೀನೇ ಹೋಗಿ ಮೇಡಂಗ ಹೇಳಿದ್ರ ಛಲೋ."

ಆಮ್ರಪಾಲಿ ಮೈದಾನದ ಕಡೆ ನೋಡಿದಳು. ಉತ್ತಮ ಯಾರದೋ ಹೆಗಲ ಮೇಲೆ ಕೈ ಹಾಕಿಕೊಂಡು ಜೋರಾಗಿ ನಗುತ್ತಿದ್ದ. "ನನ್ನ ಕೈಲೆ ಆಗಂಗಿಲ್ಲ. ನೀ ಹೇಳು. ಸತ್ತದ ಅಂತ ಹೇಳು."

ಶಿವಕಾಂತ ಎದ್ದು ಹೋದ. ಓಡಲಿಲ್ಲ. ನಡುವೆ ಒಮ್ಮೆ ನಿಂತು ತಿರುಗಿ ನೋಡಿದ, ಅವಳು ಹೋಗು ಎಂದು ತಲೆಯಾಡಿಸಿದಳು. ಅವನ ತಂದೆ ಬಕ್ಕಪ್ಪ ಕರುವಿನ ಪಕ್ಕದಲ್ಲಿ ಹುಲ್ಲಿನ ಪೆಂಡಿಯ ಮೇಲೆ ಕೂತಿದ್ದ. ಮಗನ ಮಾತು ಕೇಳಲು ತಲೆ ಬಗ್ಗಿಸಿದ.

ಅದೇ ಹೊತ್ತಿಗೆ ಉತ್ತಮ ಫೋನ್ ಹಿಡಿದುಕೊಂಡು ಮರದ ಹತ್ತಿರ ಬಂದ. "ಎಲ್ಲಿ ಹೋಗಿದ್ದೀ? ಕರದ ಕೊಳ್ಳಾಗ ಕೈ ಹಾಕು. ಆಯಿಗಿ ಫೋಟೊ ಕಳಸಬೇಕು." ಹಿಂದೆ ಹಿಂದೆ ಹೆಜ್ಜೆಯಿಟ್ಟು ಫೋನ್ ಎತ್ತಿದ. "ಹಿಂಗ ನೋಡು ಬೇಟಾ. ನಗು ಸ್ವಲ್ಪ."

ಅವನ ಬೆನ್ನ ಹಿಂದೆ ಬಕ್ಕಪ್ಪ ಎದ್ದು ನಿಂತಿದ್ದ. ರುಮಾಲು ಸರಿಮಾಡಿಕೊಂಡು, ಮಗನ ಕೈ ಹಿಡಿದು, ನಿರ್ಣಾಯಕರ ಮೇಜಿನ ಕಡೆ ಹೊರಟ. ಉತ್ತಮ ತಿರುಗಿದ್ದರೆ ಕಾಣುತ್ತಿತ್ತು.

ಅವನು ತಿರುಗದಿರಲಿ ಎಂದು ಆಮ್ರಪಾಲಿ ನಕ್ಕಳು.